ಮೀಟಿಂಗ್ ರೂಮಿನ ವಿಸಿ (ವಿಡಿಯೋ ಕಾನ್ಫರೆನ್ಸ್) ಡಬ್ಬಿಗೆ ಆಯಸ್ಸು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಆಫೀಸಿನಲ್ಲಿ ಹನ್ನೊಂದು ಮೀಟಿಂಗ್ ರೂಮುಗಳ ಜವಾಬ್ದಾರಿ ನನ್ನ ತಲೆ ಮೇಲಿದೆ. ಟಿವಿ, ಕ್ಯಾಮೆರಾ, ಮೈಕು, ಮೇಜಿನ ಮೇಲಿನ ಟಚ್ ಪ್ಯಾನೆಲ್, ಟಿವಿ ಹಿಂದೆ ಅವಿತುಕೊಂಡ ಪುಟ್ಟ ಕಂಪ್ಯೂಟರ್, ಎಲ್ಲ ಸೇರಿ. ಬೇರೆ ಆಫೀಸಿನ ಗೆಳೆಯರು, ಒಂದು ಶಾಲೆಯವರು, ಒಂದಿಬ್ಬರು ಆಡಿಟರ್‌ಗಳು ಫೋನ್ ಮಾಡಿ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಮ್ಮೆ ಬರೆದಿಡೋಣ ಅಂತ ಕೂತೆ. ಇಲ್ಲಿ ಡಬ್ಬಿ ಅಂದರೆ ಕಾಲ್ ನಡೆಸುವ ಮೆದುಳು. ಅದು ಬೇರೆಯೇ ಪೆಟ್ಟಿಗೆಯಾಗಿರಬಹುದು, ಟಿವಿ ಕೆಳಗಿನ ಉದ್ದನೆಯ ಬಾರ್‌ನೊಳಗೂ ಇರಬಹುದು.

ಚೆನ್ನಾಗಿ ಓಡುತ್ತಿದೆಯಲ್ಲ, ಯಾಕೆ ಬದಲಾಯಿಸಬೇಕು?

ನಮ್ಮ ಬಾಸ್ ಕೇಳಿದ್ದೂ ಇದನ್ನೇ, ಅದೂ ಟಿವಿ ಮುಂದೆಯೇ ನಿಂತು. ಟಿವಿಯನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆಳೆದು ಮೊಬೈಲ್ ಟಾರ್ಚ್ ಹಾಕಿ ತೋರಿಸಿದೆ. ವೆಲ್ಕ್ರೋ ಪಟ್ಟಿಯಲ್ಲಿ ಕೂತ ಕಪ್ಪು ಡಬ್ಬಿ, ಮೇಲೊಂದು ಪದರ ಧೂಳು, ಒಂದು ನೀಲಿ ದೀಪ. ಫ್ಯಾನಿನ ಸದ್ದು ಕೂಡ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆರು ವರ್ಷದಲ್ಲಿ ಒಂದು ದಿನವೂ ಕೈ ಕೊಟ್ಟಿರಲಿಲ್ಲ.

ಆದರೆ ಒಳಗಿದ್ದದ್ದು ಇಂಟೆಲ್‌ನ 7ನೇ ಜನರೇಶನ್ ಪ್ರೊಸೆಸರ್. ಒಂದೆರಡು ಮಾಡೆಲ್ ಬಿಟ್ಟರೆ ವಿಂಡೋಸ್ 11 ಹಾಕಲು 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಇರಲೇಬೇಕು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ನಮ್ಮ ನಾಲ್ಕು ರೂಮಿನ ಡಬ್ಬಿಗಳು ಗಟ್ಟಿಮುಟ್ಟಾಗಿರುವಾಗಲೇ ರಿಟೈರ್ ಆದವು. ನಮ್ಮ ರಾಜ್ಯ ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಗೆ ಮನೆಗೆ ಹೋಗುತ್ತಾರಲ್ಲ, ಹಾಗೆ. ಬಿಪಿ ಇಲ್ಲ, ಶುಗರ್ ಇಲ್ಲ ಅಂತ ಯಾರೂ ಮುಂದುವರಿಸಲ್ಲ. ಈ ಡಬ್ಬಿಗಳೂ ಕೆಟ್ಟು ಹೋಗುವುದಕ್ಕಿಂತ ತಾರೀಖು ಬಂದು ಹೋಗುವುದೇ ಜಾಸ್ತಿ.

ಮೂರು ವರ್ಷ ವಾರಂಟಿ ಇದೆ, ಎಎಂಸಿನೂ ಮಾಡಿಸಿದ್ದೇವೆ. ಸಾಲದಾ?

ಸಾಲದು. ವಾರಂಟಿ ಅಂದರೆ ಸಾಮಾನು ಕೆಟ್ಟರೆ ರಿಪೇರಿ ಇಲ್ಲವೇ ಬದಲಿ. ಎಎಂಸಿ ಅಂದರೆ ವರ್ಷದ ನಿರ್ವಹಣೆ ಒಪ್ಪಂದ, ಡೀಲರ್ ಕಡೆಯ ಹುಡುಗ ಬ್ಯಾಗ್ ನೇತು ಹಾಕಿಕೊಂಡು ಬಂದು ಕೇಬಲ್ ಅಲ್ಲಾಡಿಸಿ, ಆಫ್ ಮಾಡಿ ಆನ್ ಮಾಡಿ, ಸಹಿ ಹಾಕಿಸಿಕೊಂಡು ಹೋಗುವುದು. ಎರಡೂ ಸಾಮಾನಿಗೆ ಸಂಬಂಧಿಸಿದ ಮಾತು. ಒಳಗಿನ ಸಾಫ್ಟ್‌ವೇರ್‌ಗೆ ಬೇರೆಯೇ ತಾರೀಖುಗಳಿವೆ.

ಡಬ್ಬಿ ಮಾಡಿದ ಕಂಪನಿ ಎಲ್ಲಿಯವರೆಗೆ ಫರ್ಮ್‌ವೇರ್ (ಸಾಮಾನಿನ ಒಳಗಿನ ಮೂಲ ಸಾಫ್ಟ್‌ವೇರ್) ಕೊಡುತ್ತದೆ ಅನ್ನುವುದು ಒಂದು. ಒಳಗಿನ ವಿಂಡೋಸ್ ಅಥವಾ ಆಂಡ್ರಾಯ್ಡ್ ಆವೃತ್ತಿ ಎಲ್ಲಿಯವರೆಗೆ ಜೀವಂತ ಅನ್ನುವುದು ಇನ್ನೊಂದು. ಟೀಮ್ಸ್, ಜೂಮ್, ಮೀಟ್ ಇವುಗಳಲ್ಲಿ ನೀವು ಬಳಸುವ ಕಾಲ್ ಸೇವೆಯವರು ಆ ಮಾಡೆಲನ್ನು ಎಷ್ಟು ದಿನ ಒಪ್ಪುತ್ತಾರೆ ಅನ್ನುವುದು ಮತ್ತೊಂದು. ಮೂರರಲ್ಲಿ ಯಾವುದು ಮೊದಲು ಬರುತ್ತದೋ ಅದೇ ನಿಮ್ಮ ಡಬ್ಬಿಯ ಕೊನೆ ದಿನ. ನಾನು ಆ ನಾಲ್ಕು ಡಬ್ಬಿಗಳಿಗೆ ಜೂನ್‌ನಲ್ಲಿ ಪೂರ್ತಿ ಒಂದು ವರ್ಷದ ಎಎಂಸಿ ರಿನ್ಯೂ ಮಾಡಿಸಿದ್ದೆ. ನಾಲ್ಕೇ ತಿಂಗಳಿಗೆ ಸಾಮಾನೇ ಮೂಲೆ ಸೇರಿತು. ಬೈಯೋಣ ಅಂದರೆ ಸಹಿ ನನ್ನದೇ.

ಎಂಡ್ ಆಫ್ ಸೇಲ್, ಎಂಡ್ ಆಫ್ ಸಪೋರ್ಟ್, ಎಂಡ್ ಆಫ್ ಲೈಫ್... ಎಲ್ಲ ಒಂದೇ ಅಲ್ವಾ?

ಅಲ್ಲ. ವಿಸಿ ಡಬ್ಬಿ ಮಾಡುವ ಸಿಸ್ಕೋ ಕಂಪನಿಯ ಲೆಕ್ಕ ಸ್ವಲ್ಪ ಶಿಸ್ತಿನದು, ಅದನ್ನೇ ಹಿಡಿದು ಹೇಳುತ್ತೇನೆ. ಒಂದು ಮಾಡೆಲ್ ಮಾರಾಟ ನಿಲ್ಲಿಸುವ ಮುಂಚೆ ಸಾಮಾನ್ಯವಾಗಿ ಆರು ತಿಂಗಳು ಮೊದಲೇ ನೋಟಿಸ್ ಹಾಕುತ್ತಾರೆ. ಇದು ಎಂಡ್ ಆಫ್ ಲೈಫ್ ಪ್ರಕಟಣೆ. ಹೆಸರು ಕೇಳಿ ಹೆದರಬೇಡಿ, ಅವತ್ತೇ ಏನೂ ಸಾಯಲ್ಲ. ಆಮೇಲೆ ಎಂಡ್ ಆಫ್ ಸೇಲ್ ಬರುತ್ತದೆ, ಅಂದರೆ ಕೊನೇ ಆರ್ಡರ್ ತೆಗೆದುಕೊಳ್ಳುವ ದಿನ. ಹಾರ್ಡ್‌ವೇರ್‌ಗಾದರೆ ಅಲ್ಲಿಂದ ಮುಂದೆ ಸಾಮಾನ್ಯವಾಗಿ ಐದು ವರ್ಷ ಸ್ಪೇರ್ ಮತ್ತು ಸಪೋರ್ಟ್ ಸಿಗುತ್ತದೆ, ಅದೂ ನಿಮ್ಮ ಸರ್ವಿಸ್ ಕಾಂಟ್ರಾಕ್ಟ್ ಚಾಲ್ತಿಯಲ್ಲಿದ್ದರೆ. ಅದರ ಕೊನೆಗೆ ಬರುವುದು ಲಾಸ್ಟ್ ಡೇಟ್ ಆಫ್ ಸಪೋರ್ಟ್. ಸಾಫ್ಟ್‌ವೇರ್ ದೋಷ ಸರಿಪಡಿಸುವ ಕೆಲಸ ಅದಕ್ಕಿಂತ ಮೊದಲೇ ನಿಲ್ಲಬಹುದು. ಅದಕ್ಕೆ ಬೇರೆ ಸಾಲಿನಲ್ಲಿ ಬೇರೆ ತಾರೀಖು ಇರುತ್ತದೆ. ನೀವು ಓದಬೇಕಾದ್ದು ಆ ಸಾಲನ್ನು.

ಎಲ್ಲ ಕಂಪನಿಗಳೂ ಇಷ್ಟು ಸ್ಪಷ್ಟವಾಗಿ ಬರೆಯಲ್ಲ. ಕೆಲವರ ವೆಬ್‌ಸೈಟಿನಲ್ಲಿ ಮಾಡೆಲ್ ಸದ್ದಿಲ್ಲದೆ ಮಾಯವಾಗುತ್ತದೆ, ಅದೇ ನೋಟಿಸ್ ಅಂತ ತಿಳಿದುಕೊಳ್ಳಬೇಕು.

ಲೆಕ್ಕ ಶುರುವಾಗುವುದು ನಾವು ಕೊಂಡ ದಿನದಿಂದ ತಾನೇ?

ಇಲ್ಲ, ಎಲ್ಲರೂ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ನೌಕರ 60ಕ್ಕೆ ನಿವೃತ್ತಿ ಆಗುವುದು ಹುಟ್ಟಿದ ದಿನದ ಲೆಕ್ಕದಲ್ಲಿ, ಕೆಲಸಕ್ಕೆ ಸೇರಿದ ದಿನದ ಲೆಕ್ಕದಲ್ಲಲ್ಲ. ಡಬ್ಬಿಯದೂ ಹಾಗೆಯೇ. ಕೆಲವು ಕಡೆ ಲೆಕ್ಕ ಹಿಡಿಯುವುದು ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ಕೆಲವು ಕಡೆ ಅದರ ಮಾರಾಟ ನಿಂತ ದಿನದಿಂದ. ನಿಮ್ಮ ಬಿಲ್ಲಿನ ತಾರೀಖು ವಾರಂಟಿಗೆ ಮಾತ್ರ.

ಗೂಗಲ್ ಇದನ್ನು ಬಚ್ಚಿಡದೆ ಹೇಳುತ್ತದೆ. ಕ್ರೋಮ್ ಸಾಧನಗಳಿಗೆ, ಅವುಗಳ ಸಾಲಿನಲ್ಲೇ ಮೀಟ್ ಹಾರ್ಡ್‌ವೇರ್‌ಗೂ, ಪ್ರತಿ ಮಾಡೆಲ್‌ಗೆ ಆಟೋ ಅಪ್‌ಡೇಟ್ ಮುಗಿಯುವ ತಿಂಗಳು ಮತ್ತು ವರ್ಷ ಪ್ರಕಟಿಸಿರುತ್ತಾರೆ. 2023ರಲ್ಲಿ ಕ್ರೋಮ್‌ಬುಕ್‌ಗಳಿಗೆ 10 ವರ್ಷ ಅಪ್‌ಡೇಟ್ ಅಂತ ಘೋಷಿಸಿದಾಗಲೂ ಎಣಿಕೆ ಇದ್ದದ್ದು ಆ ಪ್ಲಾಟ್‌ಫಾರ್ಮ್ ಬಿಡುಗಡೆಯಾದ ದಿನದಿಂದಲೇ. ನಾಲ್ಕು ವರ್ಷ ಗೋಡೌನ್‌ನಲ್ಲಿ ಕೂತಿದ್ದ ಪೀಸ್ ಕೊಂಡರೆ ಆ ನಾಲ್ಕು ವರ್ಷ ನಿಮಗೆ ಸಿಗಲ್ಲ.

ಒಮ್ಮೆ ಒಬ್ಬ ಡೀಲರ್ ಫೋನ್ ಮಾಡಿ, "ಸಾರ್, ಈ ಮಾಡೆಲ್‌ಗೆ ಈ ತಿಂಗಳು ಸಖತ್ ರೇಟ್ ಬಂದಿದೆ, ಮೂರು ಪೀಸ್ ಇದೆ ಅಷ್ಟೇ" ಅಂದರು. ಶೇ 35ರಷ್ಟು ಕಡಿಮೆ. ಖುಷಿಯಿಂದ ಪಿಒ (ಖರೀದಿ ಆದೇಶ) ಹಾಕಿಸಿದೆ. ಯಾಕೆ ಮೂರೇ ಪೀಸ್ ಇದೆ ಅಂತ ಕೇಳಬೇಕಿತ್ತು. ಬಂದ ಪೆಟ್ಟಿಗೆಯ ಮೇಲೆ ತಯಾರಾದ ವರ್ಷ ನೋಡಿದಾಗ ಉತ್ತರ ಸಿಕ್ಕಿತು.

ವಿಂಡೋಸ್ ಡಬ್ಬಿ ತಗೊಳ್ಳೋದಾ, ಆಂಡ್ರಾಯ್ಡ್ ಬಾರ್ ತಗೊಳ್ಳೋದಾ?

ಎರಡಕ್ಕೂ ಅವುಗಳದೇ ರೋಗ ಇದೆ.

ವಿಂಡೋಸ್ ಡಬ್ಬಿ ಅಂದರೆ ಒಂದು ಸಣ್ಣ ಪಿಸಿ. ಪ್ರೊಸೆಸರ್ ಹೊಸದಿದ್ದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇದ್ದರೆ ಮುಂದಿನ ವಿಂಡೋಸ್‌ಗೆ ದಾಟಬಹುದು, ಹಾಗಾಗಿ ಆಯಸ್ಸು ಸ್ವಲ್ಪ ನಿಮ್ಮ ಕೈಯಲ್ಲಿರುತ್ತದೆ. ಆದರೆ ಪಿಸಿ ಲೋಕದ ತಲೆನೋವೆಲ್ಲ ರೂಮಿಗೂ ಬರುತ್ತದೆ. ಈಗಿನ ತಲೆನೋವು ಸೆಕ್ಯೂರ್ ಬೂಟ್, ಅಂದರೆ ಡಬ್ಬಿ ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರನ್ನು ಮಾತ್ರ ಬಿಡುವ ಕಾವಲು. 2011ರಲ್ಲಿ ಕೊಟ್ಟ ಮೈಕ್ರೋಸಾಫ್ಟ್ ಸರ್ಟಿಫಿಕೇಟುಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಅಪ್‌ಡೇಟ್ ಬರುತ್ತಿರುವ ಡಬ್ಬಿಗಳಿಗೆ ಹೊಸ ಸರ್ಟಿಫಿಕೇಟು ವಿಂಡೋಸ್ ಮೂಲಕವೇ ಬರುತ್ತದೆ, ಕೆಲವಕ್ಕೆ ಮೊದಲು ಬಯಾಸ್ (ಪಿಸಿ ಆನ್ ಆದೊಡನೆ ಓಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು. ಅಪ್‌ಡೇಟ್ ನಿಂತ ಡಬ್ಬಿಗೆ ಏನೂ ಬರಲ್ಲ. ಮೀಟಿಂಗ್ ರೂಮಿನ ಪಿಸಿಗೆ ಬಯಾಸ್ ಅಪ್‌ಡೇಟ್ ಮಾಡಿದವರನ್ನು ನಾನಂತೂ ಜಾಸ್ತಿ ನೋಡಿಲ್ಲ. ಇನ್ನೊಂದು ವಿಷಯ. ಎಷ್ಟೋ ರೂಮುಗಳಲ್ಲಿ ಕೂತಿರುವುದು ಇಂಟೆಲ್ ನಕ್ ಅನ್ನುವ ಪುಟ್ಟ ಪಿಸಿ. 2023ರಲ್ಲಿ ಇಂಟೆಲ್ ಆ ವ್ಯಾಪಾರದಿಂದ ಹೊರಬಂತು, ಆ ಸಾಲನ್ನು ಏಸಸ್ ವಹಿಸಿಕೊಂಡಿತು. ಡ್ರೈವರ್ ಸಾಫ್ಟ್‌ವೇರ್ ಹುಡುಕಿ ಇಂಟೆಲ್ ಸೈಟಿನಲ್ಲಿ ಅಲೆಯುವ ಮುಂಚೆ ಇದು ನೆನಪಿರಲಿ.

ಆಂಡ್ರಾಯ್ಡ್ ಬಾರ್ ಹಾಕುವುದು ಸುಲಭ. ಗೋಡೆಗೆ ಹೊಡೆದು, ಒಂದು ಕೇಬಲ್ ಚುಚ್ಚಿದರೆ ಮುಗೀತು. ಆದರೆ ಮುಂದಿನ ಆಂಡ್ರಾಯ್ಡ್ ಆವೃತ್ತಿ ಬರಬೇಕಾದರೆ ಚಿಪ್ ಮಾಡಿದವರು ಮನಸ್ಸು ಮಾಡಬೇಕು, ಬಾರ್ ಮಾಡಿದವರು ಕೆಲಸ ಮಾಡಬೇಕು, ಆಮೇಲೆ ಟೀಮ್ಸ್ ಅಥವಾ ಜೂಮ್‌ನವರು ಪರೀಕ್ಷಿಸಿ ಒಪ್ಪಬೇಕು. ನಿಮ್ಮ ಹಳೇ ಮೊಬೈಲ್‌ಗೆ ಅಪ್‌ಡೇಟ್ ನಿಂತಿತ್ತಲ್ಲ, ಅದೇ ಕತೆ, ಬೆಲೆ ಮಾತ್ರ ಲಕ್ಷಗಳಲ್ಲಿ. ಟೀಮ್ಸ್‌ಗೆ ಒಪ್ಪಿಗೆ ಪಡೆದ ಸಾಧನಗಳ ಪಟ್ಟಿಯನ್ನು ಮೈಕ್ರೋಸಾಫ್ಟ್ ಪ್ರಕಟಿಸುತ್ತದೆ, ಅದರಲ್ಲಿ ಆ ಒಪ್ಪಿಗೆ ಮುಗಿಯುವ ತಾರೀಖೂ ಇರುತ್ತದೆ. ಡೀಲರ್ ಕೊಡುವ ಬಣ್ಣದ ಬ್ರೋಷರ್‌ಗಿಂತ ಆ ಪಟ್ಟಿ ವಾಸಿ.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ರೂಮಿಗೆ ಬೇರೆ ಡಬ್ಬಿ, ಬೇರೆ ಕ್ಯಾಮೆರಾ. ನಾಲ್ಕು ಜನ ಕೂರುವ ಸಣ್ಣ ರೂಮಿಗೆ ಬಾರ್ ಸಾಕು, ಆದರೆ ಯುಎಸ್‌ಬಿ ಮೋಡ್ ಇರುವ ಬಾರ್ ಆಗಿರಲಿ. ಮೆದುಳು ಹೋದ ಮೇಲೂ ಲ್ಯಾಪ್‌ಟಾಪ್‌ಗೆ ಚುಚ್ಚಿ ಕ್ಯಾಮೆರಾ, ಸ್ಪೀಕರ್ ಆಗಿ ಬಳಸಬಹುದು.

ದೊಡ್ಡ ಕಂಪನಿಯದು ಕೊಂಡರೆ ನಿಶ್ಚಿಂತೆ ಅಲ್ವಾ?

ಗೂಗಲ್‌ಗಿಂತ ದೊಡ್ಡದು ಬೇಕಾ? ಅವರ ಜಾಮ್‌ಬೋರ್ಡ್ ಅನ್ನುವ 55 ಇಂಚಿನ ಟಚ್ ಬೋರ್ಡು 2017ರಲ್ಲಿ ಮಾರಾಟಕ್ಕೆ ಬಂತು, ಬೆಲೆ 4,999 ಡಾಲರ್. 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸುತ್ತೇವೆ ಅಂದರು. 2024ರ ಸೆಪ್ಟೆಂಬರ್ 30ಕ್ಕೆ ಬೋರ್ಡಿನ ಅಪ್‌ಡೇಟ್ ನಿಂತಿತು, ಡಿಸೆಂಬರ್ 31ಕ್ಕೆ ಆ್ಯಪ್ ಕೂಡ ಹೋಯಿತು. ಅದು ಇಂಟರ್ನೆಟ್ ಸೇವೆಯನ್ನೇ ನಂಬಿದ ಬೋರ್ಡು. ಸೇವೆ ಹೋದರೆ ಉಳಿಯುವುದು ದುಬಾರಿ ಗಾಜು.

ಮೈಕ್ರೋಸಾಫ್ಟ್‌ನ ಮೊದಲ ಸರ್ಫೇಸ್ ಹಬ್ ನೋಡಿ, ಮೀಟಿಂಗ್ ರೂಮಿನ ದೊಡ್ಡ ಟಚ್ ಪರದೆಯ ಕಂಪ್ಯೂಟರ್. 84 ಇಂಚಿನದಕ್ಕೆ ಮೊದಲು ಘೋಷಿಸಿದ ಬೆಲೆ 19,999 ಡಾಲರ್, ಗ್ರಾಹಕರ ಕೈಗೆ ಬಂದದ್ದು 2016ರಲ್ಲಿ. ಅದರ ವಿಂಡೋಸ್ 10 ಟೀಮ್ ಆವೃತ್ತಿಯೂ ಅದೇ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11ಕ್ಕೆ ದಾರಿ ಇಲ್ಲ. ಆದರೆ ಒಂದು ಮೆಚ್ಚಬೇಕು. ಹೊರಗಿನ ಪಿಸಿ ಜೋಡಿಸಿ ಅದನ್ನು ದೊಡ್ಡ ಟಚ್ ಪರದೆಯಾಗಿ ಬಳಸಲು ಬರುತ್ತದೆ. ಮುಂದಿನ 2ಎಸ್ ಮಾಡೆಲ್‌ನಲ್ಲಂತೂ ಬೆನ್ನಿಗಿರುವ ಕಂಪ್ಯೂಟ್ ಕಾರ್ಟ್ರಿಜ್ ಎಳೆದು ತೆಗೆದು ಸರ್ಫೇಸ್ ಹಬ್ 3ರ ಕಾರ್ಟ್ರಿಜ್ ತಳ್ಳಿದರೆ ಆಯಿತು. ಮೆದುಳು ಮಾತ್ರ ಬದಲು, ಪರದೆ ಅದೇ. ಎಲ್ಲರೂ ಹೀಗೆ ಮಾಡಬಾರದಾ ಅನ್ನಿಸುತ್ತದೆ.

ವಿಸಿ ಡಬ್ಬಿ ಮಾಡುವ ಕಂಪನಿಯೇ ಕೈ ಬದಲಾಯಿಸುವುದೂ ಉಂಟು. ನಾರ್ವೆಯ ಟ್ಯಾಂಡ್‌ಬರ್ಗನ್ನು ಸಿಸ್ಕೋ 2010ರಲ್ಲಿ ಕೊಂಡಿತು. ಪಾಲಿಕಾಮ್ 2018ರಲ್ಲಿ ಪ್ಲಾಂಟ್ರಾನಿಕ್ಸ್ ಪಾಲಾಯಿತು, 2019ರಲ್ಲಿ ಎರಡೂ ಸೇರಿ ಪಾಲಿ ಅಂತ ಹೆಸರಿಟ್ಟುಕೊಂಡವು, 2022ರಲ್ಲಿ ಅದನ್ನು ಎಚ್‌ಪಿ ಕೊಂಡಿತು. ಒಂದೇ ಡಬ್ಬಿಯ ಸೀರಿಯಲ್ ನಂಬರ್ ಹಿಡಿದು ನಾಲ್ಕು ವರ್ಷದಲ್ಲಿ ಮೂರು ಬೇರೆ ಬೇರೆ ಪೋರ್ಟಲ್‌ಗೆ ಲಾಗಿನ್ ಆಗುವ ಭಾಗ್ಯ. ಲೈಫ್‌ಸೈಜ್ 2023ರಲ್ಲಿ ದಿವಾಳಿ ಅರ್ಜಿ ಹಾಕಿ, ಆಮೇಲೆ ಬೇರೆಯವರ ಕೈ ಸೇರಿತು.

ಸಪೋರ್ಟ್ ಮುಗಿದ ಮರುದಿನ ಏನಾಗುತ್ತೆ?

ಏನೂ ಆಗಲ್ಲ. ಅದೇ ಅಪಾಯ. ಕಾಲ್ ಬರುತ್ತದೆ, ಚಿತ್ರ ಚೆನ್ನಾಗಿರುತ್ತದೆ, ಬಾಸ್ ನಿಮ್ಮ ಕಡೆ ನೋಡಿ ನಗುತ್ತಾರೆ.

ಆಮೇಲೆ ನಿಧಾನಕ್ಕೆ ಬಾಗಿಲುಗಳು ಮುಚ್ಚುತ್ತಾ ಹೋಗುತ್ತವೆ. ಜೂಮ್‌ನವರು ಕನಿಷ್ಠ ಆವೃತ್ತಿ ಅಂತ ಒಂದು ಗೆರೆ ಎಳೆದು ಮೂರು ಮೂರು ತಿಂಗಳಿಗೆ ಮುಂದೆ ಸರಿಸುತ್ತಾರೆ, ಅದಕ್ಕಿಂತ ಹಳೆಯದಾದರೆ ಒಳಗೆ ಬಿಡಲ್ಲ. ಗೂಢಲಿಪಿಯ ಹಳೆ ಪದ್ಧತಿಗಳಾದ ಟಿಎಲ್‌ಎಸ್ 1.0 ಮತ್ತು 1.1ನ್ನು ಇಂಟರ್ನೆಟ್ ಲೋಕ 2021ರಲ್ಲಿ ಅಧಿಕೃತವಾಗಿ ಕೈಬಿಟ್ಟಿತು. ಅಷ್ಟೇ ಗೊತ್ತಿದ್ದ ಡಬ್ಬಿಗಳಿಗೆ ಸರ್ವರ್‌ಗಳು ಬಾಗಿಲು ತೆಗೆಯುವುದನ್ನೇ ನಿಲ್ಲಿಸಿದವು. ಅದೇ ವರ್ಷ ಸೆಪ್ಟೆಂಬರ್ 30ರಂದು, ಸರ್ವರ್‌ಗಳಿಗೆ ಗುರುತಿನ ಸರ್ಟಿಫಿಕೇಟು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಸರೆಯಾಗಿಟ್ಟುಕೊಂಡಿದ್ದ ಹಳೇ ರೂಟ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಹೊಸ ರೂಟ್ ತುಂಬಿಕೊಳ್ಳದ ಎಷ್ಟೋ ಹಳೆಯ ಸಾಧನಗಳು ರಾತ್ರೋರಾತ್ರಿ ಆ ಸರ್ವರ್‌ಗಳನ್ನು ನಂಬದಾದವು. ಯಾರೂ ಡಬ್ಬಿಯನ್ನು ಮುಟ್ಟಿರಲಿಲ್ಲ, ಕ್ಯಾಲೆಂಡರ್ ಹಾಳೆ ತಿರುಗಿತು ಅಷ್ಟೇ.

ಭದ್ರತೆ ಇನ್ನೂ ಗಂಭೀರ ವಿಷಯ. ರೂಮಿನಲ್ಲಿ ಕ್ಯಾಮೆರಾ ಇದೆ, ಮೈಕ್ ಇದೆ, ಆಫೀಸಿನ ನೆಟ್‌ವರ್ಕೂ ಇದೆ. 2022ರಲ್ಲಿ ಮೀಟಿಂಗ್ ಔಲ್ ಪ್ರೋ ಅನ್ನುವ ಗೂಬೆ ಆಕಾರದ ಕ್ಯಾಮೆರಾದಲ್ಲಿ ದೊಡ್ಡ ತೂತುಗಳು ಬಯಲಾದವು. ಹತ್ತಿರದಲ್ಲಿರುವ ಯಾರು ಬೇಕಾದರೂ ಅದನ್ನೇ ದಾರಿ ಮಾಡಿಕೊಂಡು ಆಫೀಸ್ ನೆಟ್‌ವರ್ಕ್‌ಗೆ ನುಗ್ಗುವ ಸ್ಥಿತಿ. ಅದು ಚಾಲ್ತಿಯಲ್ಲಿದ್ದ ಮಾಡೆಲ್, ಹಾಗಾಗಿ ಕಂಪನಿ ಅಪ್‌ಡೇಟ್ ಬಿಟ್ಟು ಮುಚ್ಚಿತು. ಸಪೋರ್ಟ್ ಮುಗಿದ ಸಾಮಾನಿನಲ್ಲಿ ಅಂಥ ತೂತು ಸಿಕ್ಕರೆ ಮುಚ್ಚುವವರು ಯಾರು?

ತಕ್ಷಣ ಬದಲಾಯಿಸಲು ಬಜೆಟ್ ಇಲ್ಲವಾ? ಕನಿಷ್ಠ ಆ ಡಬ್ಬಿಯನ್ನು ಬೇರೆ ವಿಲ್ಯಾನ್‌ಗೆ (ನೆಟ್‌ವರ್ಕಿನಲ್ಲಿ ಬೇರ್ಪಡಿಸಿದ ಭಾಗಕ್ಕೆ) ಹಾಕಿ, ಕಾಲ್‌ಗೆ ಬೇಕಾದ್ದು ಬಿಟ್ಟು ಉಳಿದ ದಾರಿಗಳನ್ನು ಫೈರ್‌ವಾಲ್‌ನಲ್ಲಿ ಮುಚ್ಚಿ, ಮೀಟಿಂಗ್ ಇಲ್ಲದಾಗ ಲೆನ್ಸ್ ಮುಚ್ಚಳ ಹಾಕಿ.

ಡಬ್ಬಿ ಹೋದರೆ ಕ್ಯಾಮೆರಾ, ಮೈಕು, ಟಿವಿ ಎಲ್ಲ ಬಿಸಾಡಬೇಕಾ?

ಖಂಡಿತ ಬೇಡ. ಯುಎಸ್‌ಬಿ ಕ್ಯಾಮೆರಾಗಳು ಹೆಚ್ಚಿನವು ಯುವಿಸಿ ಅನ್ನುವ ಒಂದೇ ಪದ್ಧತಿಯಲ್ಲಿ ಮಾತಾಡುತ್ತವೆ, ಡ್ರೈವರ್ ಕೂಡ ಬೇಡ. ನಮ್ಮಲ್ಲಿ 2017ರಲ್ಲಿ ಕೊಂಡ ಲಾಜಿಟೆಕ್ ಮೀಟ್‌ಅಪ್ ಇವತ್ತಿಗೂ ಎರಡನೇ ಮಹಡಿಯಲ್ಲಿ ದುಡಿಯುತ್ತಿದೆ, ಅದರ ಹಿಂದಿನ ಪಿಸಿ ಎರಡು ಸಲ ಬದಲಾಗಿದೆ. ಟಿವಿಗೆ ಎಚ್‌ಡಿಎಂಐ ಇದ್ದರೆ ಅದರ ಪಾಡಿಗೆ ಅದು ಹತ್ತು ವರ್ಷ ಬಾಳುತ್ತದೆ. ತಿರುಗುವ ಕ್ಯಾಮೆರಾಗಳ ಮೋಟರ್ ಸವೆಯುತ್ತದೆ, ಎಡಕ್ಕೆ ತಿರುಗಿದ್ದು ವಾಪಸ್ ಬರುವಾಗ ಕಿರ್ ಅನ್ನುತ್ತದೆ. ಅದು ನಿಜವಾದ ಮುಪ್ಪು, ಕಿವಿಗೆ ಕೇಳಿಸುತ್ತದೆ.

ಮರೆತು ಹೋಗುವುದು ಟಚ್ ಪ್ಯಾನೆಲ್. ಐಪ್ಯಾಡನ್ನು ಕಂಟ್ರೋಲರ್ ಮಾಡಿಕೊಂಡವರು ಗಮನಿಸಿ. ಐಪ್ಯಾಡ್‌ಗೆ ಹೊಸ ಐಪ್ಯಾಡ್ ಓಎಸ್ ಬರುವುದು ನಿಂತರೆ, ಒಂದು ದಿನ ಕಂಟ್ರೋಲರ್ ಆ್ಯಪ್ ಅಪ್‌ಡೇಟ್ ಆಗುವುದೂ ನಿಲ್ಲುತ್ತದೆ. ಡಬ್ಬಿ ಹೊಸದಿದ್ದರೂ ರಿಮೋಟ್ ಕಳೆದುಹೋದ ಟಿವಿಯ ಹಾಗಾಗುತ್ತದೆ ರೂಮು.

ಹಳೇ ಎಚ್.323 ಡಬ್ಬಿ ಇದೆ. ಟೀಮ್ಸ್ ಅಥವಾ ಜೂಮ್ ಕಾಲ್‌ಗೆ ಸೇರಿಸಬಹುದಾ?

ಎಚ್.323 ಅಂದರೆ ವಿಡಿಯೋ ಕಾಲ್‌ನ ಹಳೇ ಭಾಷೆ. ಸೇರಿಸಲು ಆಗುತ್ತದೆ, ಮಧ್ಯೆ ದುಭಾಷಿ ಬೇಕು. ಟೀಮ್ಸ್‌ಗೆ ಕ್ಲೌಡ್ ವಿಡಿಯೋ ಇಂಟರಾಪ್ ಅನ್ನುವ ವ್ಯವಸ್ಥೆ ಇದೆ, ಪೆಕ್ಸಿಪ್‌ನಂಥ ಕಂಪನಿಗಳು ಒದಗಿಸುತ್ತವೆ. ಜೂಮ್‌ನಲ್ಲಿ ಅದಕ್ಕೆ ರೂಮ್ ಕನೆಕ್ಟರ್ ಅಂತ ಹೆಸರು. ಎರಡಕ್ಕೂ ಪ್ರತ್ಯೇಕ ಹಣ. ನಲವತ್ತು ರೂಮಿನಲ್ಲಿ ಹಳೇ ಕೋಡೆಕ್ (ಇಂಥ ಹಳೇ ವಿಸಿ ಡಬ್ಬಿ) ಇದ್ದು ಎರಡು ವರ್ಷ ತಳ್ಳಬೇಕು ಅನ್ನುವವರಿಗೆ ಲೆಕ್ಕ ಕೂಡಬಹುದು. ಎರಡು ರೂಮಿಗಾದರೆ ಸುಮ್ನೆ ದುಡ್ಡು ದಂಡ.

ಫೈನಾನ್ಸ್‌ನವರು "ಐದು ವರ್ಷದ ಆಸ್ತಿ, ಅಲ್ಲಿವರೆಗೆ ಮುಟ್ಟಬೇಡಿ" ಅಂತಾರೆ...

ಅವರ ಪುಸ್ತಕದಲ್ಲಿ ಅವರದೂ ಸರಿ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಆಫೀಸ್ ಉಪಕರಣಕ್ಕೆ 5 ವರ್ಷ, ಡೆಸ್ಕ್‌ಟಾಪ್ ಲ್ಯಾಪ್‌ಟಾಪ್‌ನಂಥವಕ್ಕೆ 3 ವರ್ಷ, ಸರ್ವರ್ ಮತ್ತು ನೆಟ್‌ವರ್ಕ್‌ಗೆ 6 ವರ್ಷ ಆಯಸ್ಸು ಬರೆದಿದ್ದಾರೆ. ರೂಮಿನ ಕಿಟ್ ಪೂರ್ತಿ ಒಂದೇ ಸಾಲಿನಲ್ಲಿ ಬಿಲ್ ಆದರೆ ಎಲ್ಲವೂ ಆಫೀಸ್ ಉಪಕರಣದ ಕೆಳಗೆ ಹೋಗಿ ಕೂರುತ್ತದೆ. ನಾನೀಗ ಕೊಟೇಶನ್‌ನಲ್ಲೇ ಬೇರೆ ಬೇರೆ ಸಾಲು ಮಾಡಿಸುತ್ತೇನೆ. ಡಬ್ಬಿ ಒಂದು ಸಾಲು, ಕ್ಯಾಮೆರಾ ಮೈಕು ಒಂದು, ಟಿವಿ ಒಂದು, ಅಳವಡಿಕೆ ಕೂಲಿ ಒಂದು. ಯಾವುದು ಯಾವ ಸಾಲಿಗೆ ಅನ್ನುವುದನ್ನು ನಿಮ್ಮ ಆಡಿಟರ್ ತೀರ್ಮಾನಿಸಲಿ, ಆದರೆ ಬಿಡಿಸಿ ಕೊಟ್ಟರೆ ತಾನೇ ಅವರಿಗೂ ತೀರ್ಮಾನಿಸಲು ಆಗುವುದು. ಡಬ್ಬಿ ಬದಲಾಯಿಸುವಾಗ ಟಿವಿ ಸಮೇತ ರೈಟ್ ಆಫ್ ಮಾಡುವ ಪಂಚಾಯಿತಿಯೂ ತಪ್ಪುತ್ತದೆ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಅರ್ಧ ರೇಟಿಗೆ ಸಿಗುತ್ತಂತೆ?

ಕ್ಯಾಮೆರಾ, ಸ್ಪೀಕರ್, ಸ್ಟ್ಯಾಂಡು ತಗೊಳ್ಳಿ, ಚೌಕಾಸಿ ಮಾಡಿ. ಡಬ್ಬಿ ಮಾತ್ರ ಬೇಡ. ಹಳೇ ಆಫೀಸಿನವರು ತಮ್ಮ ಅಡ್ಮಿನ್ ಕನ್ಸೋಲ್‌ನಿಂದ ಬಿಡುಗಡೆ ಮಾಡಿರದಿದ್ದರೆ, ಮೀಟ್ ಡಬ್ಬಿಯಂಥವು ರೀಸೆಟ್ ಮಾಡಿದರೂ ಮತ್ತೆ ಅವರ ಹೆಸರನ್ನೇ ಕೇಳುತ್ತವೆ.

ಕೊಳ್ಳುವಾಗ ಡೀಲರ್‌ಗೆ ಏನು ಕೇಳಲಿ?

ಒಂದೇ ಪ್ರಶ್ನೆ ಸಾಕು, ಆದರೆ ಬರಹದಲ್ಲಿ ಕೇಳಿ: "ಈ ಮಾಡೆಲ್‌ಗೆ ಸೆಕ್ಯೂರಿಟಿ ಅಪ್‌ಡೇಟ್ ಯಾವ ತಾರೀಖಿನವರೆಗೆ?" ಫೋನಿನಲ್ಲಿ "ಬರುತ್ತೆ ಸಾರ್, ಐದಾರು ವರ್ಷ ಆರಾಮ" ಅನ್ನುತ್ತಾರೆ. ಇಮೇಲ್‌ನಲ್ಲಿ ಕೇಳಿದರೆ ಎರಡು ದಿನ ಸುಮ್ಮನಾಗುತ್ತಾರೆ, ಆ ಎರಡು ದಿನದಲ್ಲಿ ಕಂಪನಿಯಿಂದ ನಿಜವಾದ ತಾರೀಖು ತರಿಸುತ್ತಾರೆ. ಆ ತಾರೀಖನ್ನು ಪಿಒನಲ್ಲಿ ಬರೆಸಿ. ಆಮೇಲೆ ಒಂದು ಸ್ಟಿಕರ್ ಮೇಲೆ ಬರೆದು ಡಬ್ಬಿಗೆ ಅಂಟಿಸಿ. ನಮ್ಮ ಹನ್ನೊಂದು ಡಬ್ಬಿಗಳ ಮೇಲೂ ಈಗ ಅಂಥ ಬಿಳಿ ಸ್ಟಿಕರ್ ಇದೆ, ಹಾಲಿನ ಪ್ಯಾಕೆಟ್ ಮೇಲೆ ಇರುವ ಹಾಗೆ.

ನಮ್ಮದು ಎರಡೇ ರೂಮಿನ ಆಫೀಸು. ಇಷ್ಟೆಲ್ಲ ಬೇಕಾ?

ಬೇಡ. ಒಳ್ಳೆಯ ಯುಎಸ್‌ಬಿ ಕ್ಯಾಮೆರಾ, ಸ್ಪೀಕರ್‌ಫೋನ್, ಟಿವಿಗೆ ಉದ್ದನೆಯ ಕೇಬಲ್ ಇಟ್ಟುಕೊಳ್ಳಿ. ಮೀಟಿಂಗ್‌ಗೆ ಬಂದವರು ತಮ್ಮ ಲ್ಯಾಪ್‌ಟಾಪ್ ಚುಚ್ಚಲಿ. ಲ್ಯಾಪ್‌ಟಾಪ್ ಹೇಗಿದ್ದರೂ ಬದಲಾಗುತ್ತಿರುತ್ತದೆ.

ನಿವೃತ್ತರಾದ ಡಬ್ಬಿಗಳನ್ನು ಏನು ಮಾಡಲಿ?

ಮೊದಲು ಫ್ಯಾಕ್ಟರಿ ರೀಸೆಟ್. ಸುಮ್ನೆ ಹೇಳುತ್ತಿಲ್ಲ, ನಮ್ಮ ಒಂದು ಹಳೇ ಕೋಡೆಕ್ ಆನ್ ಮಾಡಿ ನೋಡಿದಾಗ ಅಡ್ರೆಸ್ ಬುಕ್‌ನಲ್ಲಿ ಹಿಂದಿನ ಎಂಡಿಯವರ ಮನೆ ನಂಬರ್ ಇತ್ತು, ಆಫೀಸಿನ ವೈಫೈ ಪಾಸ್‌ವರ್ಡೂ ಉಳಿದಿತ್ತು. ಪಿಸಿ ಮಾದರಿಯ ಡಬ್ಬಿಯಾದರೆ ಡಿಸ್ಕ್ ಅಳಿಸಿ. ಬೇರೆ ಕೆಲಸಕ್ಕೆ ಬರುತ್ತದಾ ನೋಡಿ. ನಮ್ಮ ನಾಲ್ಕರಲ್ಲಿ ಎರಡಕ್ಕೆ ಲಿನಕ್ಸ್ ಹಾಕಿ ರಿಸೆಪ್ಷನ್ ಟಿವಿಯಲ್ಲಿ ನೋಟಿಸ್ ತೋರಿಸಲು ಬಿಟ್ಟಿದ್ದೇವೆ. ಮಿಕ್ಕವನ್ನು ಗುಜರಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ದೊಡ್ಡ ಬಳಕೆದಾರರು ನೋಂದಾಯಿತ ತಯಾರಕರು, ರಿಪೇರಿದಾರರು ಅಥವಾ ರೀಸೈಕಲ್ ಮಾಡುವವರಿಗೇ ಕೊಡಬೇಕು. ಸಣ್ಣ ಆಫೀಸಿನವರೂ ಅಲ್ಲಿಗೇ ಕೊಡುವುದು ಕ್ಷೇಮ. ಕೊಟ್ಟಾಗ ಸೀರಿಯಲ್ ನಂಬರ್ ಸಮೇತ ರಸೀದಿ ಬರೆಸಿಕೊಳ್ಳಿ. ಮುಂದಿನ ಮಾರ್ಚ್‌ನಲ್ಲಿ ಆಡಿಟರ್ ಆಸ್ತಿ ಪಟ್ಟಿ ಹಿಡಿದು ಬಂದು "ಆ ನಾಲ್ಕು ಡಬ್ಬಿ ಎಲ್ಲಿ?" ಅಂತ ಕೇಳಿಯೇ ಕೇಳುತ್ತಾರೆ.